ಆಟಿ ತಿಂಗಳ ಮಳೆಯಲ್ಲಿ ಹೋದ ಮರಳು ಶಿವರಾತ್ರಿಗೆ ಬಂತಾ?

ಪ್ರಶ್ನೆ: ಕಾಪು ಕಡೆ ಕಡಲ ಬದಿಯಲ್ಲೇ ನಮ್ಮ ಮನೆ. ಅಜ್ಜನ ಕಾಲದಲ್ಲಿ ಮನೆಗೂ ನೀರಿಗೂ ನಡುವೆ ನಾಲ್ಕು ಸಾಲು ತೆಂಗು ಇತ್ತಂತೆ. ಈಗ ಒಂದೂವರೆ ಸಾಲು ಉಳಿದಿದೆ. ಮಳೆಗಾಲದಲ್ಲಿ ದಡದ ಮರಳೆಲ್ಲ ಕಡಲು ಸೇರುತ್ತೆ, ಡಿಸೆಂಬರ್ ಹೊತ್ತಿಗೆ ಮತ್ತೆ ಬರುತ್ತೆ. ಆದ್ರೆ ಪಕ್ಕದ ವಾರ್ಡಿಗೆ ಕಲ್ಲಿನ ತಡೆಗೋಡೆ ಬಂದ ಮೇಲೆ ನಮ್ಮಲ್ಲಿ ಹೊಡೆತ ಜಾಸ್ತಿಯಾಗಿದೆ. ಅತ್ತ ಹೊಳೆ ಕಡಲು ಸೇರುವ ಅಳಿವೆ ಹತ್ತಿರ ಹೊಸ ಜಾಗವೇ ಎದ್ದಿದೆ ಅಂತಾರೆ. ನಮ್ಮ ಮರಳು ಅಲ್ಲಿಗೆ ಹೋಯ್ತಾ? ನಾವೂ ಕಲ್ಲು ಹಾಕಿಸೋಕೆ ಅರ್ಜಿ ಕೊಡ್ಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತು ನನಗೆ ತುಂಬಾ ಹಿಡಿಸಿತು. ಡಿಸೆಂಬರ್ ಹೊತ್ತಿಗೆ ಮರಳು ಮತ್ತೆ ಬರುತ್ತೆ ಅಂದಿದ್ದೀರಲ್ಲ, ಅದು. ಕಡಲ್ಕೊರೆತದ ಫೋಟೊಗಳೆಲ್ಲ ಜೂನ್, ಜುಲೈ ತಿಂಗಳಿನವು. ಮರ ಉರುಳಿದ್ದು, ರಸ್ತೆ ಬಿರಿದದ್ದು, ಅಧಿಕಾರಿಗಳು ಕೊಡೆ ಹಿಡಿದು ನಿಂತದ್ದು. ಅದೇ ಜಾಗಕ್ಕೆ ಜನವರಿಯಲ್ಲಿ ಯಾರೂ ಕ್ಯಾಮೆರಾ ತಗೊಂಡು ಹೋಗುವುದಿಲ್ಲ. ಆದರೆ ದಡ ಹೇಗಿದೆ ಅಂತ ಗೊತ್ತಾಗುವುದು ಆಗಲೇ.

ಚುಟುಕಾಗಿ ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ನಿಮ್ಮ ದಡದಿಂದ ಹೋಗುವ ಮರಳಲ್ಲಿ ದೊಡ್ಡ ಪಾಲು ದೂರ ಹೋಗಿರುವುದಿಲ್ಲ. ನಿಮ್ಮ ಮನೆಯೆದುರೇ ನೀರಿನಡಿ ಕೂತಿರುತ್ತದೆ. ಇನ್ನೊಂದು ಪಾಲು ದಡದುದ್ದಕ್ಕೂ ತೆಂಕಕ್ಕೋ ಬಡಗಕ್ಕೋ ಸಾಗುತ್ತದೆ. ನಾಲ್ಕು ಸಾಲು ತೆಂಗು ಒಂದೂವರೆಗೆ ಇಳಿದದ್ದು ಈ ಎರಡನೆಯ ಪಾಲಿನ ಲೆಕ್ಕದಲ್ಲಿ. ಕಲ್ಲಿನ ಅರ್ಜಿಗೆ ಸ್ವಲ್ಪ ತಡೆಯಿರಿ.

ಈಗ ಅಲೆಗೆ ಬರೋಣ. ನಡುಕಡಲಲ್ಲಿ ಅಲೆ ಮುಂದೆ ಓಡುತ್ತದೆ, ನೀರು ಓಡುವುದಿಲ್ಲ. ಗದ್ದೆಯ ಪೈರಿನ ಮೇಲೆ ಗಾಳಿ ಬೀಸಿದಾಗ ಈ ಬದುವಿನಿಂದ ಆ ಬದುವಿಗೆ ಒಂದು ಅಲೆ ಹೋಗುತ್ತದೆ. ತೆನೆ ಬಾಗಿ ಏಳುತ್ತದೆ, ಬುಡ ಇದ್ದಲ್ಲೇ ಇರುತ್ತದೆ. ಹಾಗೆಯೇ ಇದು. ನೀರು ಇದ್ದಲ್ಲೇ ಸುತ್ತು ಹಾಕುತ್ತದೆ. ಈ ಸುತ್ತು ಆಳಕ್ಕೆ ಹೋದ ಹಾಗೆ ಸಣ್ಣದಾಗುತ್ತಾ, ಅಲೆಯ ಉದ್ದದ ಅರ್ಧದಷ್ಟು ಆಳದಲ್ಲಿ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. 10 ಸೆಕೆಂಡಿಗೊಂದರಂತೆ ಬರುವ ಅಲೆಗಳ ನಡುವೆ ಆಳದ ಕಡಲಲ್ಲಿ ಸುಮಾರು 156 ಮೀಟರ್ ಅಂತರ ಇರುತ್ತದೆ. ಹಾಗಾಗಿ 78 ಮೀಟರಿಗಿಂತ ಕಡಿಮೆ ಆಳಕ್ಕೆ ಬಂದಾಗಲೇ ಅದಕ್ಕೆ ನೆಲದ ಸುಳಿವು ಸಿಗುತ್ತದೆ. ಅಲ್ಲಿಂದ ಮುಂದೆ ಅದು ನಿಧಾನವಾಗುತ್ತದೆ, ಮೈ ಎತ್ತರಿಸುತ್ತದೆ, ಕೊನೆಗೆ ತಲೆಕೆಳಗಾಗಿ ಮುರಿಯುತ್ತದೆ. ಮುರಿಯುವ ಕಡೆ ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟು ಇರುತ್ತದೆ. ಒಂದು ಮೀಟರಿನ ಅಲೆ ಎದೆಮಟ್ಟದ ನೀರಲ್ಲಿ ಮುರಿದರೆ, ಮೂರು ಮೀಟರಿನದು ನಾಲ್ಕು ಮೀಟರ್ ಆಳದಲ್ಲೇ ಮುರಿಯುತ್ತದೆ.

ಇನ್ನೊಂದು ಲೆಕ್ಕ ಇದೆ. ಅಲೆಯ ಎತ್ತರ ನಾಲ್ಕು ಪಟ್ಟಾದರೆ ಅದರ ಶಕ್ತಿ ಹದಿನಾರು ಪಟ್ಟಾಗುತ್ತದೆ. ಫೆಬ್ರವರಿಯಲ್ಲಿ ಮುಕ್ಕಾಲು ಮೀಟರಿನ ಅಲೆ ಮೆತ್ತಗೆ ಬಂದು ಹೋಗುತ್ತಿದ್ದ ನಿಮ್ಮ ದಡಕ್ಕೆ ಜೂನ್ ಕೊನೆಯಲ್ಲಿ ಮೂರು ಮೀಟರಿನವು ಒಂದರ ಹಿಂದೆ ಒಂದು ಬರುತ್ತವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯದೆ ಮಲ್ಪೆಯಲ್ಲಿ ಸಾಲಾಗಿ ನಿಂತಿರುತ್ತವಲ್ಲ, ಆ ಎರಡು ತಿಂಗಳಲ್ಲೇ ನಮ್ಮ ಕರಾವಳಿಯ ವರ್ಷದ ಹೆಚ್ಚಿನ ಕೆಲಸ ಮುಗಿದಿರುತ್ತದೆ.

ಆಗ ಮರಳು ಏನು ಮಾಡುತ್ತದೆ? ದೊಡ್ಡ, ಕಡಿದಾದ ಅಲೆಗಳು ಒಂದರ ಬೆನ್ನಿಗೆ ಒಂದು ಬಿದ್ದಾಗ ನೀರು ಮರಳಲ್ಲಿ ಇಂಗಲು ಪುರುಸೊತ್ತಿರುವುದಿಲ್ಲ. ಬಂದ ನೀರೆಲ್ಲ ಇಳಿಜಾರಲ್ಲಿ ರಭಸವಾಗಿ ಹಿಂದಕ್ಕೆ ಓಡುತ್ತದೆ, ಮರಳನ್ನೂ ಎಳೆದುಕೊಂಡು. ಅಲೆ ಮುರಿಯುವ ಸಾಲಿನ ಹತ್ತಿರ ಅದನ್ನು ಗುಡ್ಡೆ ಹಾಕುತ್ತದೆ. ದಡಕ್ಕೆ ಸಮಾನಾಂತರವಾಗಿ ನೀರಿನಡಿ ಒಂದು ದಿಬ್ಬ ಏಳುತ್ತದೆ. ಮುಂದಿನ ದೊಡ್ಡ ಅಲೆ ದಡ ಮುಟ್ಟುವ ಮೊದಲೇ ಈ ದಿಬ್ಬಕ್ಕೆ ಎಡವಿ ಅಲ್ಲೇ ಮುರಿಯುತ್ತದೆ. ಜುಲೈಯಲ್ಲಿ ದಡದಿಂದ ತುಂಬಾ ದೂರದಲ್ಲಿ ಒಂದು ಬಿಳಿ ನೊರೆಯ ಗೆರೆ ಕಾಣುತ್ತದಲ್ಲ, ನಿಮ್ಮ ಮರಳು ಇರುವುದು ಅದರಡಿ. ದಡ ತನ್ನ ಮೈಯ ಮರಳನ್ನೇ ಮುಂದೆ ಕಳಿಸಿ ಅಡ್ಡ ನಿಲ್ಲಿಸಿಕೊಳ್ಳುತ್ತದೆ ಅನ್ನಿ. ಸೆಪ್ಟೆಂಬರ್ ದಾಟಿದ ಮೇಲೆ ಅಲೆಗಳು ತಗ್ಗುತ್ತವೆ, ಅವುಗಳ ನಡುವಿನ ಅಂತರ ಉದ್ದವಾಗುತ್ತದೆ. ಅವು ಅದೇ ದಿಬ್ಬವನ್ನು ಒಂದೊಂದು ಹಿಡಿಯಾಗಿ ದಡಕ್ಕೆ ತಳ್ಳುತ್ತಾ ಬರುತ್ತವೆ. ಒಯ್ಯುವುದು ವಾರಗಳ ಕೆಲಸ, ವಾಪಸ್ ತರುವುದು ತಿಂಗಳುಗಳದ್ದು.

ನಡುವೆ ಒಂದು ಎಚ್ಚರಿಕೆಯ ಮಾತು. ಈ ದಿಬ್ಬದಲ್ಲಿ ಅಲ್ಲಲ್ಲಿ ಕಿಂಡಿ ಇರುತ್ತದೆ. ದಡಕ್ಕೆ ಬಂದ ನೀರು ಆ ಕಿಂಡಿಯಿಂದಲೇ ರಭಸವಾಗಿ ಹೊರಗೆ ಹೋಗುತ್ತದೆ. ಎರಡೂ ಕಡೆ ನೊರೆ, ನಡುವೆ ಮಾತ್ರ ಅಲೆಯಿಲ್ಲದ ಪಟ್ಟಿ ಕಂಡರೆ ಅದು ಈಜಲು ಒಳ್ಳೆಯ ಜಾಗ ಅಲ್ಲ. ಘಟ್ಟದ ಮೇಲಿಂದ ಬರುವ ನೆಂಟರಿಗೆ ಇದನ್ನು ತೋರಿಸಿ ಹೇಳಿ, ಅವರು ಇಳಿಯುವುದು ಸರಿಯಾಗಿ ಅಲ್ಲೇ.

ಇದನ್ನೆಲ್ಲ ನನ್ನ ಮಾತು ಕೇಳಿ ನಂಬಬೇಕಾಗಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ, ಇಳಿತದ ಹೊತ್ತಿಗೆ, ತೆಂಗಿನ ಸಾಲಿನ ಕೆಳಗೆ ಮೊಣಕಾಲುದ್ದದ ಗುಂಡಿ ತೋಡಿ. ಗುಂಡಿಯ ಗೋಡೆಯನ್ನು ಕತ್ತಿಯಿಂದ ನೇರ ಕೊಯ್ದು ನೋಡಿ. ಮೇಲೆಲ್ಲ ಗೋಧಿ ಬಣ್ಣದ ಮರಳು, ತೆಳು ತೆಳು ಪದರವಾಗಿ. ಕೆಳಗೆ ಎಲ್ಲೋ ಒಂದು ಕಪ್ಪು ಗೆರೆ ಸಿಗುವ ಸಾಧ್ಯತೆ ಜಾಸ್ತಿ. ಅದು ಇಲ್ಮನೈಟ್, ಮ್ಯಾಗ್ನಟೈಟ್‌ನಂಥ ಭಾರದ ಖನಿಜ. ಗೆರಸೆಯಲ್ಲಿ ಅಕ್ಕಿ ಕೇರಿದರೆ ಹೊಟ್ಟು ಹಾರಿ ಅಕ್ಕಿ ಉಳಿಯುತ್ತದೆ. ಹಾಗೆ ಮಳೆಗಾಲದ ಅಲೆ ಹಗುರದ ಬಿಳಿ ಮರಳನ್ನು ಒಯ್ದು ಭಾರದ್ದನ್ನು ಬಿಟ್ಟುಹೋಗಿರುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಆ ಕಪ್ಪಿನ ಮೇಲೆ ಆಡಿಸಿ, ಕೂದಲಿನ ಹಾಗೆ ಎದ್ದು ನಿಲ್ಲುತ್ತದೆ. ಕಪ್ಪು ಗೆರೆಯ ಮೇಲಿರುವುದು ಮಳೆಗಾಲ ಮುಗಿದ ಮೇಲೆ ವಾಪಸ್ ಬಂದ ಮರಳು. ಗೆರೆ ಎಷ್ಟು ಆಳದಲ್ಲಿದೆಯೋ ಸರಿಸುಮಾರು ಅಷ್ಟು ಅಲ್ಲಿ ಬಂದಿದೆ. ಕೆಲವರು ಈ ಕಪ್ಪನ್ನು ಹಡಗಿನ ಎಣ್ಣೆ ಅಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ದಡಕ್ಕೆ ಬರುವ ಡಾಮರಿನ ಉಂಡೆ ಬೇರೆ, ಅದು ಕೈಗೆ ಅಂಟುತ್ತದೆ. ಇದು ಕೊಡವಿದರೆ ಉದುರುತ್ತದೆ.

ಇಷ್ಟು ದಡದಿಂದ ಕಡಲಿಗೆ, ಕಡಲಿಂದ ದಡಕ್ಕೆ ಹೋಗಿ ಬರುವ ಮರಳಿನ ಕತೆ. ಇದರಿಂದ ಯಾರ ತೆಂಗಿನ ಸಾಲೂ ಕಾಯಂ ಆಗಿ ಹೋಗುವುದಿಲ್ಲ.

ಕಾಯಂ ಆಗಿ ಹೋಗುವುದು ದಡದುದ್ದದ ಸಾಗಾಟದಲ್ಲಿ. ಅಲೆ ಸ್ವಲ್ಪ ಓರೆಯಾಗಿ ಬಂದರೆ ನೀರು ದಡದ ಮೇಲೆ ಓರೆಯಾಗಿ ಹತ್ತುತ್ತದೆ. ಇಳಿಯುವಾಗ ಮಾತ್ರ ನೇರ ಇಳಿಜಾರಲ್ಲಿ ಇಳಿಯುತ್ತದೆ. ಹತ್ತುವಾಗ ಓರೆ, ಇಳಿಯುವಾಗ ನೇರ. ಮರಳಿನ ಒಂದು ಕಣ ಹೀಗೆ ಗರಗಸದ ಹಲ್ಲಿನ ದಾರಿಯಲ್ಲಿ ಒಂದೊಂದು ಅಲೆಗೆ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ಅಲೆ ಮುರಿಯುವ ಸಾಲಿನ ಒಳಗೆ ನೀರೇ ಹೊಳೆಯ ಹಾಗೆ ದಡದುದ್ದಕ್ಕೂ ಹರಿಯುತ್ತಿರುತ್ತದೆ. ಒಂದು ತೆಂಗಿನಕಾಯಿ ಎಸೆದು ಅದರ ಜೊತೆ ದಡದಲ್ಲಿ ನಡೆಯುತ್ತಾ ಹೋಗಿ, ಗೊತ್ತಾಗುತ್ತದೆ. ಗಾಳಿಗೂ ಅದು ಸ್ವಲ್ಪ ತೇಲುತ್ತದೆ, ಆದರೂ ದಿಕ್ಕು ತಿಳಿಯಲು ಸಾಕು. ಇನ್ನೂ ಸುಲಭ ಅಂದರೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರನ್ನು ಕೇಳಿ. ಇವತ್ತು ನೀರು ತೆಂಕಕ್ಕೋ ಬಡಗಕ್ಕೋ ಅಂತ ಅವರ ಹೆಗಲಿಗೆ ಗೊತ್ತು.

ನಮ್ಮ ಕರಾವಳಿಯ ಒಂದು ವಿಶೇಷ ಇಲ್ಲಿದೆ. ಮಳೆಗಾಲದ ಅಲೆಗಳು ಪಶ್ಚಿಮ-ನೈಋತ್ಯದಿಂದ ಬರುತ್ತವೆ. ನಮ್ಮ ದಡದ ಮುಖವೂ ಹೆಚ್ಚುಕಮ್ಮಿ ಅತ್ತಲೇ. ಅಂದರೆ ಅಲೆಗಳು ಬಹುಮಟ್ಟಿಗೆ ನೇರವಾಗಿಯೇ ಬಡಿಯುತ್ತವೆ. ಹಾಗಿರುವಾಗ ಎರಡು ಮೂರು ಡಿಗ್ರಿ ಆಚೀಚೆಯಾದರೂ ಸಾಗಾಟದ ದಿಕ್ಕು ಬದಲಾಗಿಬಿಡುತ್ತದೆ. ಬೇಸಿಗೆಯಲ್ಲಿ ದಕ್ಷಿಣದ ಮಹಾಸಾಗರದಿಂದ ಬರುವ ಉದ್ದನೆಯ ಅಲೆಗಳು ಮರಳನ್ನು ಬಡಗಕ್ಕೆ ತಳ್ಳುತ್ತವೆ. ಅದೇ ದಿನ ಮಧ್ಯಾಹ್ನ ವಾಯವ್ಯದ ಗಾಳಿ ಎದ್ದರೆ ಅದರ ಸಣ್ಣ ಅಲೆಗಳು ತೆಂಕಕ್ಕೆ ತಳ್ಳುತ್ತವೆ. ಹೋದದ್ದು, ಬಂದದ್ದು ಎರಡನ್ನೂ ಕಳೆದು ವರ್ಷದ ಕೊನೆಗೆ ಏನು ಉಳಿಯಿತು ಅನ್ನುವುದು ಊರಿಂದ ಊರಿಗೆ ಬೇರೆ. ಕರ್ನಾಟಕದಲ್ಲಿ ಮರಳು ಇಂಥ ಕಡೆಗೇ ಹೋಗುತ್ತದೆ ಅಂತ ಒಂದೇ ಮಾತಲ್ಲಿ ಹೇಳುವವರನ್ನು ಕಂಡರೆ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಬಂಡೆ ಇದ್ದಲ್ಲಿ ಆಟ ಬೇರೆ. ಆಳ ಕಡಿಮೆಯಿದ್ದ ಕಡೆ ಅಲೆ ನಿಧಾನವಾಗುತ್ತದೆ ಅಂದೆನಲ್ಲ, ಅದರಿಂದಾಗಿ ಅಲೆಯ ಸಾಲು ಬಾಗುತ್ತದೆ. ಚಾಚಿಕೊಂಡ ಬಂಡೆಯ ಸುತ್ತ ಎರಡೂ ಕಡೆಯಿಂದ ಅಲೆಗಳು ಕೂಡಿ ಬಡಿಯುತ್ತವೆ. ಪಕ್ಕದ ಕೊಲ್ಲಿಯಲ್ಲಿ ಅದೇ ಅಲೆ ಹರಡಿ ಸಪ್ಪೆಯಾಗುತ್ತದೆ. ಹಾಗಾಗಿ ಚಾಚಿದ ಕಡೆ ಕೊರೆತ, ಒಳಗೆ ಮರಳು. ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್ ಕಿನಾರೆಗಳನ್ನು ಗುಡ್ಡದ ಮೇಲಿಂದ ನೋಡಿದರೆ ಇದು ಚಿತ್ರ ಬರೆದ ಹಾಗೆ ಕಾಣುತ್ತದೆ. ಓಂ ಕಿನಾರೆಯ ನಡುವೆ ಬಂಡೆಗಳು ಚಾಚಿಕೊಂಡಿವೆ, ಅದರ ಎರಡೂ ಬದಿ ಮರಳು ಬಿಲ್ಲಿನ ಹಾಗೆ ಬಾಗಿ ಕೂತಿದೆ. ಓಂ ಆಕಾರ ಬಂದದ್ದು ಹೀಗೆ. ಅಲ್ಲಿನ ಗುಡ್ಡಗಳ ಮೇಲಿರುವುದು ಚಿರೇಕಲ್ಲು, ನೀವು ಮುರಕಲ್ಲು ಅನ್ನುತ್ತೀರಿ. ನಮ್ಮ ಕರಾವಳಿಯಲ್ಲಿ ಬಹಳ ಕಡೆ ಮುರಕಲ್ಲಿನ ಗಟ್ಟಿ ಟೊಪ್ಪಿಯ ಕೆಳಗೆ ಮೆತ್ತನೆ ಶೇಡಿ ಮಣ್ಣು ಇರುತ್ತದೆ. ಅಂಥ ಗುಡ್ಡ ಕಡಲಿಗೆ ಮುಖ ಮಾಡಿದ್ದರೆ ಅಲೆ ಮೊದಲು ಕೆಳಗಿನ ಶೇಡಿಯನ್ನು ತೊಳೆಯುತ್ತದೆ. ಅಡಿ ಟೊಳ್ಳಾದ ಮೇಲೆ ಒಂದು ದಿನ ಟೊಪ್ಪಿ ಕೋಣೆಯಷ್ಟು ದೊಡ್ಡ ತುಂಡಾಗಿ ಬೀಳುತ್ತದೆ.

ಗಟ್ಟಿ ಕಲ್ಲಿನ ಎದುರು ಕಡಲಿಗೂ ತಾಳ್ಮೆ ಬೇಕು. 1901ರಲ್ಲಿ ಕಟ್ಟಿದ ನಿಮ್ಮ ಕಾಪು ದೀಪಸ್ತಂಭ ಬಂಡೆಯ ಮೇಲಿದೆ. ಅದರ ಬದಿಯ ಮರಳು ವರ್ಷವೂ ಹೋಗಿ ಬರುತ್ತದೆ, ಬಂಡೆಗೆ ಏನೂ ಆಗಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 9 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಜ್ವಾಲಾಮುಖಿಯವು. ಅಲ್ಲಿ ದಡದಲ್ಲಿ ಕಾಲಿಗೆ ಸಿಗುವುದು ಮರಳಿಗಿಂತ ಜಾಸ್ತಿ ಚಿಪ್ಪು. ಮರಳು ತಂದು ಹಾಕಲು ದ್ವೀಪಕ್ಕೆ ಹೊಳೆ ಇಲ್ಲವಲ್ಲ. ಕಾರವಾರದ ಮಾಜಾಳಿಯ ಆಚೆ ತಿಳ್ಮಾತಿ ಅಂತ ಒಂದು ಪುಟ್ಟ ಕಿನಾರೆಯಿದೆ, ಎಳ್ಳು ಸುರಿದ ಹಾಗೆ ಕಪ್ಪು ಮರಳು. ಎರಡು ಬಂಡೆಗಳ ನಡುವೆ ಸಿಕ್ಕಿಬಿದ್ದ ಮರಳು ಅದು, ಪಕ್ಕದ ಬಿಳಿ ಕಿನಾರೆಯ ಜೊತೆ ಬೆರೆಯುವುದಿಲ್ಲ.

ಈಗ ಅಳಿವೆಯ ಹೊಸ ಜಾಗ. ನಮ್ಮ ಕರಾವಳಿಯಲ್ಲಿ ನನಗೆ ಅತಿ ಇಷ್ಟವಾದ ವಿಷಯ ಇದು, ಸ್ವಲ್ಪ ಉದ್ದವಾದರೆ ಬೇಸರ ಮಾಡ್ಕೋಬೇಡಿ.

ಹೊಳೆ ಮಳೆಗಾಲದಲ್ಲಿ ಘಟ್ಟದಿಂದ ಮರಳು ತಂದು ಬಾಯಲ್ಲಿ ಸುರಿಯುತ್ತದೆ. ಕಡಲು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ತಿರುಗಿ ದಡಕ್ಕೆ ಹಾಕುತ್ತದೆ. ದಡದುದ್ದಕ್ಕೂ ಸಾಗಿ ಬರುತ್ತಿದ್ದ ಮರಳೂ ಅಳಿವೆಯ ಹತ್ತಿರ ಬಂದಾಗ ಮುಂದೆ ದಡವೇ ಇಲ್ಲದೆ ಅಲ್ಲೇ ಕೂರುತ್ತದೆ. ಹೀಗೆ ದಡದ ತುದಿ ನಾಲಗೆಯ ಹಾಗೆ ಉದ್ದವಾಗುತ್ತಾ ಅಳಿವೆಯ ಬಾಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಇದಕ್ಕೆ ನಮ್ಮಲ್ಲಿ ಹೆಸರೇ ಇದೆ: ಕೋಡಿ, ಬೆಂಗ್ರೆ. ಕೋಡಿ ಬೆಂಗ್ರೆ, ಹೆಜಮಾಡಿ ಕೋಡಿ, ಮಂಗಳೂರಿನ ಬೆಂಗ್ರೆ. ಈ ಊರುಗಳ ಹೆಸರೇ ಭೂಗೋಳದ ಪಾಠ. ಉದ್ಯಾವರ ಹೊಳೆ ಕಡಲ ಹತ್ತಿರ ಬಂದರೂ ನೇರ ಸೇರದೆ, ಪಡುಕೆರೆಯ ಮರಳಪಟ್ಟಿಯ ಹಿಂದೆ ಬಡಗಕ್ಕೆ ಹರಿದು ಮಲ್ಪೆಯಲ್ಲಿ ಸೇರುತ್ತದೆ. ಮರವಂತೆಯಲ್ಲಿ ಸೌಪರ್ಣಿಕೆ ಹೆದ್ದಾರಿಯ ಒಂದು ಬದಿಗೆ ಬಂದು, ಇನ್ನೊಂದು ಬದಿಯ ಕಡಲನ್ನು ನೋಡಿ, ತಿರುಗಿ ಹೋಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಬಸ್ಸಿನಲ್ಲಿ ಹೋಗುವಾಗ ಎರಡೂ ಕಿಟಕಿಯಲ್ಲಿ ನೀರು ಕಂಡು ಖುಷಿಪಡುತ್ತೀರಲ್ಲ, ನಡುವೆ ಇರುವುದು ಅಲೆ ಕಟ್ಟಿದ ಒಂದು ಮರಳಪಟ್ಟಿ, ಅಷ್ಟೇ.

ಭೂಮಿಯ ಲೆಕ್ಕದಲ್ಲಿ ಇವೆಲ್ಲ ನಿನ್ನೆ ಮೊನ್ನೆಯವು. 20,000 ವರ್ಷದ ಹಿಂದೆ ಹಿಮಯುಗದಲ್ಲಿ ಕಡಲ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ದಡ ಎಷ್ಟೋ ಮೈಲಿ ಪಡುವಣಕ್ಕಿತ್ತು. ಮಂಜು ಕರಗಿ ಮಟ್ಟ ಏರಿ, ಈಗಿನ ಜಾಗದ ಹತ್ತಿರ ನಿಂತದ್ದು ಸುಮಾರು 7,000 ವರ್ಷದಿಂದೀಚೆಗೆ. ಇವತ್ತಿನ ಕೋಡಿಗಳು ರೂಪ ಪಡೆದದ್ದು ಆಮೇಲೆ. ಇವು ಈಗಲೂ ಒಂದೆಡೆ ನಿಂತಿಲ್ಲ. ಶಾಂಭವಿ, ನಂದಿನಿ ಹೊಳೆಗಳು ಸೇರುವ ಸಸಿಹಿತ್ಲುವಿನ ತುದಿ ಒಂದು ವರ್ಷ ಉದ್ದ, ಒಂದು ವರ್ಷ ಗಿಡ್ಡ. ದೊಡ್ಡ ನೆರೆ ಬಂದರೆ ಹೊಳೆ ಸುತ್ತು ಬಳಸಿ ಹೋಗುವ ಗೋಜು ಬಿಟ್ಟು ಕೋಡಿಯನ್ನೇ ಕಡಿದು ನೇರ ನುಗ್ಗಬಹುದು. ಹಾಗಾಗಿ ಅಳಿವೆಯ ಹತ್ತಿರ ಎದ್ದ ಹೊಸ ಜಾಗದಲ್ಲಿ ನಿಮ್ಮ ಮರಳೂ ಇರಬಹುದು, ಹೊಳೆಯದ್ದೂ ಇರಬಹುದು. ಯಾರದ್ದಾದರೂ ಸರಿ, ಅದನ್ನು ಸೈಟು ಅಂತ ಮಾರಲು ಬಂದರೆ ಮಾತ್ರ ಹತ್ತಿರ ಹೋಗಬೇಡಿ.

ನೀವು ಕೇಳದೇ ಇದ್ದರೂ ಹೊಳೆಯ ವಿಷಯದಲ್ಲಿ ಇನ್ನೊಂದು ಹೇಳಬೇಕು. ದಡಕ್ಕೆ ಹೊಸ ಮರಳು ಬರುವ ಮುಖ್ಯ ದಾರಿ ಹೊಳೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಕಾಳಿಗೆ ಸೂಪಾ, ಕದ್ರಾ ಬಂದವು. ನೀರು ಬೇಗವೋ ನಿಧಾನವೋ ಕಡಲು ಸೇರುತ್ತದೆ, ಮರಳು ಡ್ಯಾಮಿನ ತಳದಲ್ಲೇ ಉಳಿಯುತ್ತದೆ. ನಿಮ್ಮ ಕಡೆಯ ಹೊಳೆಗಳಿಗೆ ಅಂಥ ದೊಡ್ಡ ಡ್ಯಾಂ ಇಲ್ಲ. ಆದರೆ ಹೊಳೆಯಿಂದ ಲಾರಿಗೆ ತುಂಬುವ ಒಂದೊಂದು ಲೋಡ್ ಮರಳೂ ಯಾವುದೋ ದಡಕ್ಕೆ ಸೇರಬೇಕಾದದ್ದು. ಕಡಲ್ಕೊರೆತದ ಬಗ್ಗೆ ಮಾತಾಡುವಾಗ ನಾವೆಲ್ಲ ಕಡಲ ಕಡೆಗೇ ಮುಖ ಮಾಡಿ ನಿಲ್ಲುತ್ತೇವೆ. ಬೆನ್ನ ಹಿಂದೆ ಹೊಳೆಯಲ್ಲಿ ಏನಾಗುತ್ತಿದೆ ಅಂತ ತಿರುಗಿ ನೋಡುವವರು ಕಡಿಮೆ.

ಕೊನೆಗೆ ಕಲ್ಲು. ಮಂಗಳೂರಿನ ಹಳೇ ಬಂದರಿನ ಅಳಿವೆಗೆ ದೋಣಿ ಓಡಾಡಲು ಅನುಕೂಲ ಆಗಲಿ ಅಂತ 1990ರ ದಶಕದಲ್ಲಿ ಎರಡೂ ಬದಿ ಕಡಲೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರು. ಬಡಗಿನ ಬೆಂಗ್ರೆಯ ಕಡೆ ಮರಳು ಬೆಳೆಯಿತು. ತೆಂಕಿನ ಉಳ್ಳಾಲದಲ್ಲಿ ಕೊರೆತ ಜೋರಾಯಿತು. ಅಲ್ಲಿ ಕೊರೆತ ಮೊದಲಿರಲಿಲ್ಲ ಅಂತಲ್ಲ. ಆದರೆ ಸಾಗುವ ಮರಳಿಗೆ ಅಡ್ಡ ಏನೇ ಇಟ್ಟರೂ ಒಂದು ಬದಿ ತುಂಬಿ ಇನ್ನೊಂದು ಬದಿ ಬರಿದಾಗುತ್ತದೆ. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಎದುರು ನೀರಿನಡಿ ರೀಫ್ ಅನ್ನುವ ಕೃತಕ ದಿಬ್ಬ, ದಡದ ಹತ್ತಿರ ಬರ್ಮ್ ಅನ್ನುವ ಕಟ್ಟೆ ಮಾಡಿದರು. ದಿಬ್ಬ ತಾನಾಗಿ ಮಾಡುವ ಕೆಲಸವನ್ನೇ ಕಟ್ಟಿ ಮಾಡಿಸುವ ಉಪಾಯ ಅದು. ಗೋಡೆಗಿಂತ ಬುದ್ಧಿವಂತಿಕೆಯದು, ಖರ್ಚು ಮಾತ್ರ ವಾರ್ಡಿನ ಅರ್ಜಿಗೆ ಎಟುಕುವಂಥದ್ದಲ್ಲ.

ನಿಮ್ಮ ಪಕ್ಕದ ವಾರ್ಡಿನ ಗೋಡೆ ಮಾಡುವುದೂ ಇದೇ ಥರದ್ದು, ಸ್ವಲ್ಪ ಬೇರೆ ರೀತಿಯಲ್ಲಿ. ಗೋಡೆಯ ಹಿಂದಿನ ಮರಳು ಅಲೆಗೆ ಸಿಗುವುದಿಲ್ಲ. ಹಾಗಾಗಿ ಅಲ್ಲಿ ದಿಬ್ಬ ಕಟ್ಟಲು ಸಾಮಾನು ಸಾಲುವುದಿಲ್ಲ, ಅಲೆ ಹತ್ತಿರ ಬಂದು ಬಡಿಯುತ್ತದೆ. ಬಡಿದ ಅಲೆ ಹಿಂದಕ್ಕೆ ಚಿಮ್ಮಿ ಗೋಡೆಯ ಬುಡದ ಮರಳನ್ನೂ ತೋಡುತ್ತದೆ. ಕಲ್ಲು ಹೂತುಹೋಗುತ್ತದೆ, ಕೆಲವು ಮಳೆಗಾಲ ಕಳೆದರೆ ಮೇಲೆ ಮತ್ತೆ ಕಲ್ಲು ಸುರಿಯಬೇಕು. ಅದರೊಳಗೆ ಎದುರಿನ ಮರಳ ದಡವೇ ಇಲ್ಲವಾಗಿರುತ್ತದೆ, ದೋಣಿ ಎಳೆಯಲೂ ಜಾಗ ಇಲ್ಲ, ಮೀನು ಒಣಗಿಸಲೂ ಇಲ್ಲ. ಗೋಡೆ ಮುಗಿಯುವ ತುದಿಯಲ್ಲಿ ಅಲೆ ಬಾಗಿ ಪಕ್ಕದ ಗೋಡೆಯಿಲ್ಲದ ಜಾಗವನ್ನು ಕೊರೆಯುತ್ತದೆ. ಆ ಜಾಗ ನಿಮ್ಮದು. ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಆದರೆ ನೀವೂ ಗೋಡೆ ಹಾಕಿಸಿದರೆ ಮುಂದಿನ ವರ್ಷ ನಿಮ್ಮಾಚೆಯ ಮನೆಯವರು ನನಗೆ ಇದೇ ಪತ್ರ ಬರೆಯುತ್ತಾರೆ. ಈ ಮಳೆಗಾಲದಲ್ಲೇ ಮನೆ ಬೀಳುವ ಹಾಗಿದ್ದರೆ ಕಲ್ಲು ಹಾಕಿಸಿ, ಆಗ ಬೇರೆ ದಾರಿ ಇಲ್ಲ. ತೆಂಗು ಉಳಿಸಲು ಅಂತಾದರೆ ಬೇಡ ಅಂತಲೇ ನನ್ನ ಅಭಿಪ್ರಾಯ.

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರ ತನಕದ ಉಪಗ್ರಹ ಚಿತ್ರಗಳನ್ನು ಹೋಲಿಸಿದಾಗ ಕರ್ನಾಟಕದ ದಡದಲ್ಲಿ ಕಾಲು ಭಾಗದ ಹತ್ತಿರ ಕೊರೆಯುತ್ತಿತ್ತು, ಇನ್ನೊಂದು ಕಾಲು ಭಾಗ ಬೆಳೆಯುತ್ತಿತ್ತು, ಉಳಿದ ಅರ್ಧ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ನಿಮ್ಮ ಮನೆಯೆದುರಿನ ನೂರು ಮೀಟರ್ ಇದರಲ್ಲಿ ಯಾವುದು ಅಂತ ಮೊದಲು ತಿಳಿಯಬೇಕು, ಅಲ್ವಾ? ಅದಕ್ಕೆ ಒಂದು ಟೇಪು, ಒಂದು ನೋಟ್‌ಬುಕ್ ಸಾಕು. ವರ್ಷಕ್ಕೊಮ್ಮೆ, ಶಿವರಾತ್ರಿಯ ಆಸುಪಾಸಿನಲ್ಲಿ, ಅಮಾವಾಸ್ಯೆಯ ದೊಡ್ಡ ಇಳಿತದ ದಿನ ಅಳೆಯಿರಿ. ಮರಳು ಬರುವಷ್ಟು ಬಂದಿರುತ್ತದೆ, ಹೋಗಲು ಇನ್ನೂ ಶುರುವಾಗಿರುವುದಿಲ್ಲ. ಏಪ್ರಿಲ್-ಮೇಗೆ ಮುಂದೂಡಬೇಡಿ. ಆಗ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣದ ಮಹಾಸಾಗರದಿಂದ ಸಾವಿರಾರು ಕಿಲೋಮೀಟರ್ ದಾಟಿ ದೊಡ್ಡ ಅಲೆಗಳು ಬರುವುದುಂಟು. ಕೇರಳದವರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಕದ್ದು ಬರುವ ಕಡಲು. ನಿಂತ ಜಾಗದಿಂದ ಎರಡು ಅಳತೆ ಬರೆದುಕೊಳ್ಳಿ: ಹಸಿರು ಬಳ್ಳಿ ಮುಗಿಯುವ ಗೆರೆಗೆ ಎಷ್ಟು, ಉಬ್ಬರ ಬಿಟ್ಟುಹೋದ ಕಸದ ಗೆರೆಗೆ ಎಷ್ಟು. ಅಲ್ಲೇ ನಿಂತು ಒಂದು ಫೋಟೊ. ಐದು ವರ್ಷದ ಐದು ಸಾಲು ಕೈಲಿದ್ದರೆ ಅರ್ಜಿಗೂ ಬಲ ಬರುತ್ತದೆ.

ಅಳತೆ ಶುರುಮಾಡುವುದು ಬಾವಿಕಟ್ಟೆಯಿಂದ ಇರಲಿ, ತೆಂಗಿನ ಮರದಿಂದ ಬೇಡ. ನಾನು ಹೊಸದಾಗಿ ಈ ಕೆಲಸಕ್ಕೆ ಇಳಿದಾಗ ಒಂದು ಕಡೆ ತೆಂಗಿನ ಮರಕ್ಕೆ ಕೆಂಪು ಬಣ್ಣ ಬಳಿದು ಗುರುತು ಮಾಡಿ ಬಂದಿದ್ದೆ. ಮರುವರ್ಷ ಟೇಪು ಹಿಡಿದು ಹೋದರೆ ಮರವೇ ಇರಲಿಲ್ಲ.